ಹಳೆಯ ಸ್ಪಂಜಿನ ಹೆಪ್ಪು

ನಮ್ಮ ಹಜಾರದ ಮೂರಡಿ ಅಕ್ವೇರಿಯಂನಲ್ಲಿ ಸುಮಾರು 100 ಲೀಟರ್ ನೀರು, ಮೂರು ಗೋಲ್ಡ್‌ಫಿಶ್. ನಾಲ್ಕು ವರ್ಷ ದುಡಿದ ಫಿಲ್ಟರಿನ ಮೋಟಾರು ಈ ಬೇಸಿಗೆಯಲ್ಲಿ ಗರಗರ ಎನ್ನತೊಡಗಿತು, ನೀರು ಚಿಮ್ಮುವ ರಭಸವೂ ಕುಗ್ಗಿತು. ಹೊಸದನ್ನು ತಂದ ದಿನವೇ ಹಳೆಯದನ್ನು ಕಿತ್ತುಹಾಕಲು ನನಗೆ ಧೈರ್ಯ ಬರಲಿಲ್ಲ.

ಮೀನು ಸಾಕತೊಡಗಿದ ಮೊದಲ ವರ್ಷ, ಸ್ಪಂಜು ಕೊಳಕಾಗಿದೆಯೆಂದು ಎಸೆದು, ತಳದ ಕಲ್ಲುಗಳನ್ನೂ ನಲ್ಲಿಯಡಿ ತಿಕ್ಕಿ ತೊಳೆದಿದ್ದೆ. ನೀರು ಕನ್ನಡಿಯಂತಿತ್ತು. ನಾಲ್ಕನೆಯ ದಿನ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು; ಎರಡು ಸತ್ತವು. ಮೀನು ಕಿವಿರಿನಿಂದ ಬಿಡುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳನ್ನೇ ನಾನು ಕಸಕ್ಕೆ ಹಾಕಿದ್ದೆ. ಅವು ನೀರಿನಲ್ಲಿ ತೇಲುವುದು ಬಹಳ ಕಡಿಮೆ. ಸ್ಪಂಜು, ಕಲ್ಲು, ಗಾಜಿಗೆ ಅಂಟಿಕೊಂಡೇ ಬದುಕುತ್ತವೆ. ಆ ಕಂದು ಲೋಳೆಯೇ ಅವುಗಳ ಮನೆ.

ಆದ್ದರಿಂದ ಈ ಸಲ ಹೊಸ ಫಿಲ್ಟರನ್ನು ತೊಟ್ಟಿಯ ಇನ್ನೊಂದು ಬದಿಗೆ ತೂಗುಹಾಕಿ, ಎರಡನ್ನೂ ಒಟ್ಟಿಗೆ ಓಡಿಸಿದೆ. ತೊಟ್ಟಿಯದೇ ನೀರನ್ನು ಬಕೆಟಿಗೆ ತೆಗೆದು, ಅದರಲ್ಲಿ ಹಳೆಯ ಸ್ಪಂಜನ್ನು ಒಮ್ಮೆ ಹಿಂಡಿ, ಆ ಬಗ್ಗಡವನ್ನು ಹೊಸ ಫಿಲ್ಟರಿನ ಪೆಟ್ಟಿಗೆಗೆ ಸುರಿದೆ. ಹಾಲಿಗೆ ಹೆಪ್ಪು ಹಾಕಿದಂತೆ. ಸಂಜೆಯವರೆಗೆ ನೀರು ಮಬ್ಬಾಗಿತ್ತು, ಆಮೇಲೆ ತಿಳಿಯಾಯಿತು. ಈ ಕೆಲಸಕ್ಕೆ ನಲ್ಲಿ ನೀರು ಬೇಡವೇ ಬೇಡ. ಬೆಂಗಳೂರಿನ ನಮ್ಮ ಮನೆಗೆ ಬರುವುದು ಕ್ಲೋರಿನ್ ಬೆರೆತ ಕಾವೇರಿ ನೀರು. ಮೀನಿಗೆ ಹೇಗೋ ಬ್ಯಾಕ್ಟೀರಿಯಾಗಳಿಗೂ ಕ್ಲೋರಿನ್ ವಿಷವೇ.

ಐದು ವಾರ ಹಾಗೆಯೇ ಬಿಟ್ಟೆ. ಮನೆಯವರಿಗೆ ಆ ಗರಗರ ಸದ್ದು ಸಾಕಾಗಿ ಹೋಗಿತ್ತು, ಆದರೂ ಅವಸರ ಮಾಡಲಿಲ್ಲ. ಈ ಬ್ಯಾಕ್ಟೀರಿಯಾಗಳು ಬಹಳ ನಿಧಾನವಾಗಿ ಬೆಳೆಯುವಂಥವು.

ಆರನೆಯ ವಾರ ಹಳೆಯ ಮೋಟಾರನ್ನು ನಿಲ್ಲಿಸಿದೆ. ಅದರ ಸ್ಪಂಜಿನ ಅರ್ಧವನ್ನು ಕತ್ತರಿಸಿ ಹೊಸ ಪೆಟ್ಟಿಗೆಯ ಸೆರಾಮಿಕ್ ಉಂಗುರಗಳ ಪಕ್ಕ ತುರುಕಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ನೀರು ಹರಿಯದಿದ್ದರೆ ಸ್ಪಂಜಿನೊಳಗೆ ಆಮ್ಲಜನಕ ಬೇಗ ತೀರುತ್ತದೆ. ಹಾಗಾಗಿ ಆ ತುಂಡನ್ನು ಮತ್ತೆ ತೆಗೆದು ತೊಟ್ಟಿಯ ನೀರಿದ್ದ ಅಗಲವಾದ ಟಬ್ಬಿನಲ್ಲಿಟ್ಟು, ಬ್ಯಾಟರಿಯ ಏರ್ ಪಂಪ್ ಹಚ್ಚಿ, ಒಂದೂವರೆ ಗಂಟೆ ಪಕ್ಕದಲ್ಲೇ ಕುಳಿತೆ.

ಆ ವಾರ ತಳದ ಕಲ್ಲುಗಳನ್ನು ಮುಟ್ಟಲಿಲ್ಲ, ಆಹಾರವನ್ನು ಅರ್ಧಕ್ಕೆ ಇಳಿಸಿದೆ, ಹತ್ತು ದಿನ ಬೆಳಿಗ್ಗೆ ಅಮೋನಿಯಾ ಪರೀಕ್ಷಿಸಿದೆ. ನಾಲ್ಕನೆಯ ದಿನ ಪರೀಕ್ಷೆಯ ಕೊಳವೆಯ ಹಳದಿಗೆ ಹಸಿರು ಛಾಯೆ ಬಂದು ಲೀಟರಿಗೆ 0.25 ಮಿಲಿಗ್ರಾಂ ತೋರಿಸಿದಾಗ ಎದೆ ಧಸಕ್ಕೆಂದಿತು. ಅಂಗಡಿಯವರು ಆಂಟಿ ಕ್ಲೋರಿನ್ ಎಂದು ಮಾರುವ ಹನಿ ಹಾಕಿದ 25 ಲೀಟರ್ ಹೊಸ ನೀರು ಬದಲಿಸಿದೆ. ಆರನೆಯ ದಿನ ಮತ್ತೆ ಸೊನ್ನೆ. ಮೀನುಗಳು ಒಂದು ಹೊತ್ತೂ ಮಂಕಾಗಲಿಲ್ಲ.

ಹೊಸ ಫಿಲ್ಟರಿನ ಡಬ್ಬಿಯ ಮೇಲೆ ಕಾರ್ಟ್ರಿಡ್ಜನ್ನು, ಅಂದರೆ ನೀರು ಸೋಸುವ ಒಳತುಂಡನ್ನು, ತಿಂಗಳಿಗೊಮ್ಮೆ ಬದಲಿಸಿ ಎಂದು ಬರೆದಿದೆ. ನಾನು ಅದನ್ನು ಪಾಲಿಸುವುದಿಲ್ಲ. ಹರಿದು ಚಿಂದಿಯಾಗುವವರೆಗೆ ತೊಟ್ಟಿಯ ನೀರಿನಲ್ಲಿ ಹಿಂಡಿ ಮತ್ತೆ ಹಾಕುತ್ತೇನೆ.

ಸ್ಪಂಜಿನ ಉಳಿದರ್ಧವನ್ನು ಒಣಗಲು ಬಿಡಲಿಲ್ಲ. ಪಕ್ಕದ ಮನೆಯ ಹುಡುಗಿ ಮೊದಲ ಸಲ ಮೀನು ಸಾಕಲು ಹೊರಟಿದ್ದಳು. ತೊಟ್ಟಿಯ ನೀರು ತುಂಬಿದ ಡಬ್ಬಿಯಲ್ಲಿ ಅದನ್ನು ಅವಳಿಗೆ ಕೊಟ್ಟುಬಂದೆ.