ಇಬ್ಬರೇ ಹೋಗಿ, ಕಡಿಮೆ ಖರ್ಚಿನಲ್ಲಿ ಗ್ರೀಸ್ ದ್ವೀಪ ನೋಡಿಬರುವುದು ಹೇಗೆ?

ಗ್ರೀಸ್ ದ್ವೀಪ ಅಂದ ಕೂಡಲೇ ನಮ್ಮವರ ಬಾಯಲ್ಲಿ ಬರುವ ಹೆಸರು ಸಾಂಟೊರಿನಿ. ಬಿಳಿ ಗೋಡೆ, ನೀಲಿ ಗುಮ್ಮಟ, ಅದೇ ಫೋಟೊ. ಆಮೇಲೆ ಅಲ್ಲಿನ ರೂಮಿನ ಬಾಡಿಗೆ ನೋಡಿ ‘ನಮಗಲ್ಲ ಬಿಡಪ್ಪ’ ಅಂತ ಸುಮ್ಮನಾಗುತ್ತಾರೆ. ಗ್ರೀಸನ್ನೇ ಕೈಬಿಡಬೇಕಾಗಿಲ್ಲ, ದ್ವೀಪ ಬದಲಿಸಿದರೆ ಸಾಕು.

ಹೆಜ್ಜೆ 1: ಹೊಲ ಇರುವ ದ್ವೀಪ ಹುಡುಕಿ

ಪ್ರವಾಸಿಗರು ಬಾರದಿದ್ದರೂ ಬದುಕು ನಡೆಯುವ ದ್ವೀಪವನ್ನು ಆರಿಸಿ. ಖರ್ಚು ಇಳಿಸಲು ಇದಕ್ಕಿಂತ ದೊಡ್ಡ ಉಪಾಯ ನನಗೆ ಗೊತ್ತಿಲ್ಲ. ನನ್ನ ಆಯ್ಕೆ ನಾಕ್ಸೋಸ್. ಸಾಂಟೊರಿನಿಯೂ ಸೇರಿರುವ ಸೈಕ್ಲಡೀಸ್ ಅನ್ನುವ ದ್ವೀಪಗುಂಪಿನಲ್ಲೇ ದೊಡ್ಡದು, ಫಲವತ್ತಾದದ್ದು. ಆಲೂಗಡ್ಡೆ ಬೆಳೆಯುತ್ತಾರೆ, ದನ ಸಾಕುತ್ತಾರೆ, ಚೀಸ್ ಮಾಡುತ್ತಾರೆ. ಇಲ್ಲಿನ ಆಲೂಗಡ್ಡೆಗೂ ಗ್ರಾವಿಯೇರಾ ಚೀಸ್‌ಗೂ ಯುರೋಪಿನಲ್ಲಿ ಜಿಐ ಥರದ ಗುರುತು ಸಿಕ್ಕಿದೆ. ತಟ್ಟೆಗೆ ಬರುವ ಬಹಳಷ್ಟು ಪದಾರ್ಥ ಹೊರಗಿನಿಂದ ಹಡಗು ಹತ್ತಿ ಬರಬೇಕಾಗಿಲ್ಲ. ಹಾಗಾಗಿ ಊಟದ ಬಿಲ್ಲು ಹಗುರ. ಊರಿನವರು ತಿನ್ನುವ ಕಡೆಯೇ ನೀವೂ ತಿನ್ನಬಹುದು.

ಜೊತೆಗೆ ಬರುವವರು ಸಾಂಟೊರಿನಿ ನೋಡಲೇಬೇಕು ಅಂತ ಹಟ ಹಿಡಿದರೆ? ನಾಕ್ಸೋಸ್‌ನಿಂದ ಹಡಗಿನಲ್ಲಿ ಸುಮಾರು ಎರಡು ಗಂಟೆ. ಬೆಳಿಗ್ಗೆ ಹೋಗಿ ನೋಡಿಕೊಂಡು ಬನ್ನಿ, ಉಳಿಯುವುದು ಬೇಡ.

ಹೆಜ್ಜೆ 2: ತಿಂಗಳು

ಜುಲೈ, ಆಗಸ್ಟ್ ಬೇಡ. ಆಗಸ್ಟ್ 15 ಮೇರಿ ಮಾತೆಯ ಹಬ್ಬ, ಆ ಹೊತ್ತಿಗೆ ಗ್ರೀಕರೇ ದ್ವೀಪಗಳಿಗೆ ಹೊರಟಿರುತ್ತಾರೆ. ಜೂನ್ ಮೊದಲರ್ಧ ಅಥವಾ ಸೆಪ್ಟೆಂಬರ್ ಒಳ್ಳೆಯದು. ನನ್ನ ವೋಟು ಸೆಪ್ಟೆಂಬರಿಗೆ. ಬೇಸಿಗೆಯಿಡೀ ಕಾದ ಸಮುದ್ರ ಆಗಲೂ ಬೆಚ್ಚಗಿರುತ್ತದೆ. ಚಳಿಗಾಲದಲ್ಲಿ ರೂಮು ಅಗ್ಗ, ನಿಜ. ಆದರೆ ಅರ್ಧ ಅಂಗಡಿ ಮುಚ್ಚಿರುತ್ತವೆ, ಹಡಗುಗಳೂ ಕಡಿಮೆ.

ಹೆಜ್ಜೆ 3: ಮೊದಲೇ ದುಡ್ಡಿನ ಮಾತು ಆಡಿಬಿಡಿ

ಸ್ನೇಹ ಕೆಡುವುದು ಇಲ್ಲೇ. ದಿನಕ್ಕೆ ಎಷ್ಟು ಅಂತ ಇಬ್ಬರೂ ಕೂತು ಒಂದು ಅಂಕಿ ಬರೆದುಕೊಳ್ಳಿ. ರೂಮು, ಊಟ, ಬಸ್ಸಿಗೆ ಇಬ್ಬರದೂ ಸೇರಿ ಒಂದೇ ಪರ್ಸು. ಕಾಫಿ, ಶಾಪಿಂಗ್ ಅವರವರದು. ಒಬ್ಬರಿಗೆ ಬೀಚಿನಲ್ಲಿ ಮಲಗುವ ಆಸೆ, ಇನ್ನೊಬ್ಬರಿಗೆ ಬೆಟ್ಟ ಹತ್ತುವ ಹುಚ್ಚು ಇದ್ದರೆ ಒಂದು ದಿನ ಬೇರೆ ಬೇರೆ ಓಡಾಡಿ. ಯಾರೂ ಬೇಜಾರು ಮಾಡಿಕೊಳ್ಳಬೇಕಿಲ್ಲ ಅಲ್ವಾ?

ಹೆಜ್ಜೆ 4: ವೀಸಾ

ಬೇಕಾಗಿರುವುದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ. ದೊಡ್ಡವರಿಗೆ ಶುಲ್ಕ 90 ಯೂರೋ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಹೊರಡುವ ದಿನಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯುತ್ತದೆ. ಬೇಸಿಗೆಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಬೇಗ ಶುರು ಮಾಡಿ.

ಪ್ರಯಾಣ ವಿಮೆ ಕನಿಷ್ಠ 30,000 ಯೂರೋಗೆ ಇರಬೇಕು. ಪಾಸ್‌ಪೋರ್ಟ್ ಅವಧಿ ಷೆಂಗೆನ್ ಪ್ರದೇಶ ಬಿಟ್ಟು ಹೊರಟ ಮೇಲೂ ಮೂರು ತಿಂಗಳು ಉಳಿದಿರಬೇಕು. ಇಬ್ಬರು ಹೋಗುವಾಗ ಗಮನಿಸಬೇಕಾದ್ದು ಇನ್ನೊಂದಿದೆ. ರೂಮ್ ಬುಕಿಂಗ್‌ನಲ್ಲಿ ಇಬ್ಬರ ಹೆಸರೂ ಇರಲಿ. ಒಬ್ಬರೇ ಬುಕ್ ಮಾಡಿ ‘ಇಬ್ಬರು ಅತಿಥಿಗಳು’ ಅಂತ ಬಿಟ್ಟರೆ ಎರಡನೆಯವರ ಫೈಲಿಗೆ ವಸತಿಯ ದಾಖಲೆಯೇ ಇಲ್ಲದಂತಾಗುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡ ಅವರವರದೇ ಇರಲಿ. ವೀಸಾ ಕೈಗೆ ಬರುವವರೆಗೆ ದುಡ್ಡು ವಾಪಸ್ ಬರುವಂಥ ಬುಕಿಂಗ್ ಮಾತ್ರ ಮಾಡಿ.

ಹೆಜ್ಜೆ 5: ಹಡಗು

ಬೆಂಗಳೂರಿನಿಂದ ದುಬೈ, ದೋಹಾ ಅಥವಾ ಅಬುಧಾಬಿಯಲ್ಲಿ ವಿಮಾನ ಬದಲಿಸಿ ಅಥೆನ್ಸ್ ತಲುಪಿ. ಅಲ್ಲಿಂದ ನಾಕ್ಸೋಸ್‌ಗೆ ಸಣ್ಣ ವಿಮಾನ ಇದೆ, ಆದರೂ ಹಡಗೇ ಹತ್ತಿ. ಹೆಚ್ಚಿನ ಹಡಗು ಹೊರಡುವುದು ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ. ವಿಮಾನ ನಿಲ್ದಾಣದಿಂದ ಮೆಟ್ರೊ 3ನೇ ಲೈನ್ 2022ರಿಂದ ನೇರ ಅಲ್ಲಿಗೇ ಹೋಗುತ್ತದೆ. ಎಕ್ಸ್96 ಬಸ್ಸು ಇನ್ನೂ ಅಗ್ಗ, ರಾತ್ರಿಯೂ ಓಡುತ್ತದೆ.

ಹಡಗಿನಲ್ಲಿ ಎರಡು ಬಗೆ. ವೇಗದ್ದು ನಾಲ್ಕು ಗಂಟೆಯೊಳಗೆ ತಲುಪಿಸುತ್ತದೆ, ಟಿಕೆಟ್ ದುಬಾರಿ. ಬ್ಲೂ ಸ್ಟಾರ್‌ನಂಥ ಕಂಪನಿಯ ದೊಡ್ಡ ಹಡಗು ಐದು ಗಂಟೆ ಮೀರಿ ತೆಗೆದುಕೊಳ್ಳುತ್ತದೆ. ಅದರ ಎಕಾನಮಿ ಟಿಕೆಟ್‌ಗೆ ಒಬ್ಬರಿಗೆ 40ರಿಂದ 50 ಯೂರೋ ಇಟ್ಟುಕೊಳ್ಳಿ. ಕಣ್ಣು ಮುಚ್ಚಿ ದೊಡ್ಡದನ್ನೇ ತೆಗೆದುಕೊಳ್ಳಿ. ವೇಗದ ಹಡಗಿನಲ್ಲಿ ಸೀಟಿಗೆ ಅಂಟಿ ಕೂರಬೇಕು, ಗಾಳಿ ಎದ್ದರೆ ಹೊಟ್ಟೆ ತೊಳಸುತ್ತದೆ. ದೊಡ್ಡದರಲ್ಲಿ ಮೇಲಿನ ಡೆಕ್ಕಿನಲ್ಲಿ ಓಡಾಡಿಕೊಂಡು ದ್ವೀಪಗಳನ್ನು ನೋಡುತ್ತಾ ಹೋಗಬಹುದು.

ಹತ್ತುವುದೇ ಒಂದು ಮಜಾ. ಹಡಗಿನ ಹಿಂಬದಿಯ ಕಬ್ಬಿಣದ ಬಾಗಿಲು ದಡಕ್ಕೆ ಬಿದ್ದಿರುತ್ತದೆ. ಲಾರಿ, ಬೈಕು, ಜನ ಎಲ್ಲ ಅದೇ ಬಾಗಿಲಿನಿಂದ ಒಳಗೆ. ಡೀಸೆಲ್ ಹೊಗೆಯ ನಡುವೆ ಸಿಬ್ಬಂದಿ ಕೈ ಬೀಸಿ ಕೂಗುತ್ತಿರುತ್ತಾರೆ. ಪಕ್ಕದಲ್ಲೇ ಲಗೇಜ್ ಇಡುವ ಕಪಾಟುಗಳು, ಒಂದೊಂದರ ಮೇಲೂ ಒಂದೊಂದು ದ್ವೀಪದ ಹೆಸರು. ನಿಮ್ಮ ಸೂಟ್‌ಕೇಸ್ ನಾಕ್ಸೋಸ್ ಅಂತ ಇರುವಲ್ಲೇ ಇಡಿ. ಪಾಸ್‌ಪೋರ್ಟ್, ದುಡ್ಡು ಕೈಚೀಲದಲ್ಲಿ ಇರಲಿ. ಸಾಮಾನ್ಯವಾಗಿ ಪಾರೋಸ್ ಆದಮೇಲೆ ನಾಕ್ಸೋಸ್. ಘೋಷಣೆ ಕೇಳಿದ ಕೂಡಲೇ ಕೆಳಗಿಳಿದು ಸಿದ್ಧವಾಗಿ ನಿಲ್ಲಿ. ಹಡಗು ನಿಲ್ಲುವುದು ಕೆಲವೇ ನಿಮಿಷ, ಯಾರಿಗೂ ಕಾಯುವುದಿಲ್ಲ.

ಹೆಜ್ಜೆ 6: ರೂಮು

ಹೋಟೆಲಿಗಿಂತ ಮನೆಯವರೇ ನಡೆಸುವ ಬಾಡಿಗೆ ರೂಮು ಲೇಸು. ‘ದೊಮಾಟಿಯಾ’ ಅಂತ ಬೋರ್ಡು ಇರುತ್ತದೆ. ಎಷ್ಟೋ ಕಡೆ ಸಣ್ಣ ಅಡುಗೆ ಮೂಲೆ, ಫ್ರಿಜ್ ಇರುತ್ತವೆ. ಬಂದರು ಇರುವ ಹೋರಾ ಪಟ್ಟಣದಲ್ಲಿ ಅಥವಾ ನಡೆದೇ ಹೋಗುವಷ್ಟು ಹತ್ತಿರದ ಆಯಿಯೋಸ್ ಯೋರ್ಗಿಯೋಸ್ ಬೀಚ್ ಬಳಿ ಹುಡುಕಿ. ಇಬ್ಬರು ಹಂಚಿಕೊಂಡರೆ ಉಳಿತಾಯ ಆಗುವುದು ಇಲ್ಲೇ ಜಾಸ್ತಿ. ಬುಕಿಂಗ್ ದರದ ಜೊತೆಗೆ ರಾತ್ರಿಗೆ ಇಷ್ಟು ಅಂತ ಸರ್ಕಾರದ ಹವಾಮಾನ ತೆರಿಗೆಯನ್ನು ಅಲ್ಲೇ ಕಟ್ಟಿಸಿಕೊಳ್ಳುವುದುಂಟು. ಅದು ತಲೆಗಲ್ಲ, ರೂಮಿಗೆ. ಹೋಟೆಲಿನ ಸ್ಟಾರ್ ಏರಿದಂತೆ ತೆರಿಗೆಯೂ ಏರುತ್ತದೆ.

ಹೆಜ್ಜೆ 7: ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಬೆಳಿಗ್ಗೆ ‘ಫೂರ್ನೋಸ್’ ಅನ್ನುವ ಬೇಕರಿಗೆ ಹೋಗಿ. ಪಾಲಕ್ ತುಂಬಿದ ಸ್ಪನಕೋಪಿತಾ, ಚೀಸ್ ತುಂಬಿದ ತಿರೋಪಿತಾ ಬಿಸಿಬಿಸಿ ಸಿಗುತ್ತವೆ. ಒಂದು ತಿಂದರೆ ಮಧ್ಯಾಹ್ನದವರೆಗೆ ಚಿಂತೆಯಿಲ್ಲ.

ತವೆರ್ನಾ ಅನ್ನುವ ಸಣ್ಣ ಊಟದ ಹೋಟೆಲುಗಳಲ್ಲಿ ಸಸ್ಯಾಹಾರಕ್ಕೆ ಬರವಿಲ್ಲ. ಆರ್ಥಡಾಕ್ಸ್ ಕ್ರೈಸ್ತರು ವರ್ಷದಲ್ಲಿ ಹಲವು ವಾರ ಉಪವಾಸದ ಊಟ ಮಾಡುತ್ತಾರೆ. ಆಗ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಆ ಅಡುಗೆಗೆ ‘ನಿಸ್ತಿಸಿಮೊ’ ಅಂತಾರೆ. ಈ ಪದ ಬಾಯಿಪಾಠ ಮಾಡಿಕೊಳ್ಳಿ. ಟೊಮೆಟೊ ಸಾರಿನಲ್ಲಿ ಬೆಂದ ದೊಡ್ಡ ಬಿಳಿ ಕಾಳು ಯಿಗಾಂದೆಸ್, ತರಕಾರಿ ಬೇಯಿಸಿದ ಬ್ರಿಯಾಮ್, ಹಳದಿ ಬೇಳೆಯ ಫಾವಾ. ಫಾವಾ ಅಂದರೆ ಒಗ್ಗರಣೆ ಮರೆತ ಗಟ್ಟಿ ತೊವ್ವೆ, ಮೇಲೆ ಹಸಿ ಈರುಳ್ಳಿ, ಆಲಿವ್ ಎಣ್ಣೆ. ಆದರೆ ಹುಷಾರು, ಆಕ್ಟೋಪಸ್, ಸ್ಕ್ವಿಡ್, ಸಿಗಡಿ ಕೂಡ ಉಪವಾಸಕ್ಕೆ ನಡೆಯುತ್ತವೆ. ಅವು ಇದರಲ್ಲಿ ಇಲ್ಲ ತಾನೇ ಅಂತ ಕೇಳಿಯೇ ಆರ್ಡರ್ ಮಾಡಿ. ಮಾಂಸ ತಿನ್ನುವವರಿಗೆ ರೊಟ್ಟಿಯಲ್ಲಿ ಮಾಂಸ ಸುತ್ತಿಕೊಡುವ ಗೀರೋಸ್ ಅಂಗಡಿಯೇ ಅಗ್ಗ.

ತಟ್ಟೆಗಳು ದೊಡ್ಡವು. ಇಬ್ಬರಿಗೆ ಮೂರು ಸಾಕು. ಕೇಳದೆ ತಂದಿಡುವ ಬ್ರೆಡ್ಡಿಗೂ ಸಾಮಾನ್ಯವಾಗಿ ಬಿಲ್ಲಿನಲ್ಲಿ ಲೆಕ್ಕ ಇರುತ್ತದೆ. ಊರಿಂದ ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ತುಪ್ಪದ ಡಬ್ಬಿ ಮಾತ್ರ ಬೇಡ. ಹಾಲಿನ ಮತ್ತು ಮಾಂಸದ ಪದಾರ್ಥವನ್ನು ಹೊರದೇಶದಿಂದ ಯುರೋಪ್ ಒಕ್ಕೂಟಕ್ಕೆ ತರುವಂತಿಲ್ಲ.

ಯುಪಿಐ ನಂಬಿಕೊಂಡು ಹೋಗಬೇಡಿ. ಮೊದಲೇ ಯೂರೋ ತುಂಬಿಸಿಕೊಂಡ ಫಾರೆಕ್ಸ್ ಕಾರ್ಡ್, ಸ್ವಲ್ಪ ನಗದು ಇರಲಿ. ಎಟಿಎಂ ‘ರೂಪಾಯಿಯಲ್ಲಿ ಲೆಕ್ಕ ಹಾಕಲೇ?’ ಅಂತ ಕೇಳಿದರೆ ಬೇಡ ಅನ್ನಿ, ಯೂರೋದಲ್ಲೇ ತೆಗೆಯಿರಿ.

ಹೆಜ್ಜೆ 8: ಓಡಾಟ

ಬಂದರಿನ ಎದುರೇ ಕೆಟೆಲ್ ಅನ್ನುವ ಸಾರಿಗೆ ಸಂಸ್ಥೆಯ ಬಸ್ ನಿಲ್ದಾಣ. ಟಿಕೆಟ್ ಹತ್ತುವ ಮೊದಲೇ ಕೊಳ್ಳಿ. ಆಯಿಯೋಸ್ ಪ್ರೊಕೋಪಿಯೋಸ್, ಆಯಿಯಾ ಅನ್ನಾ, ಪ್ಲಾಕಾ ಬೀಚುಗಳಿಗೆ ಬೇಸಿಗೆಯಲ್ಲಿ ಪದೇ ಪದೇ ಬಸ್ಸು. ಬೀಚಿನ ಕುರ್ಚಿ, ಕೊಡೆಗೆ ದುಡ್ಡು ತೆರುವ ಬದಲು ಒಂದು ಪಂಚೆ ಹಾಸಿಕೊಳ್ಳಿ. ಬೆಟ್ಟದ ಹಳ್ಳಿಗಳಿಗೆ ಬಸ್ಸು ಕಡಿಮೆ, ಮರಳುವ ಹೊತ್ತು ಮೊದಲೇ ಬರೆದುಕೊಳ್ಳಿ. ಹಾಲ್ಕಿ ಹಳ್ಳಿಯಲ್ಲಿ 1896ರಿಂದ ನಡೆಯುತ್ತಿರುವ ಕೀತ್ರೋನ್ ಮದ್ಯದ ಭಟ್ಟಿ ಇದೆ. ಅಪಿರಾಂಥೋಸ್‌ನ ಓಣಿಗಳಿಗೆ ಅಮೃತಶಿಲೆಯನ್ನೇ ಹಾಸಿದ್ದಾರೆ.

ಪೈಸೆ ಖರ್ಚಿಲ್ಲದೆ ನೋಡುವಂಥದ್ದು ಪೋರ್ತಾರಾ. ಕ್ರಿ.ಪೂ. 6ನೇ ಶತಮಾನದಲ್ಲಿ ಕಟ್ಟಲು ಶುರುಮಾಡಿ ಅರ್ಧಕ್ಕೇ ಬಿಟ್ಟ ದೇವಾಲಯದ ಬಾಗಿಲುವಾಡ, ಸುಮಾರು ಆರು ಮೀಟರ್ ಎತ್ತರ. ಬಂದರಿನಿಂದ ನಡೆದೇ ಹೋಗಬಹುದು. ಸಂಜೆ ಜನ ಜಾಸ್ತಿ. ಬೆಳಿಗ್ಗೆ ಬೇಗ ಹೋದರೆ ನೀವಿಬ್ಬರೇ ಇರಬಹುದು.

ಸ್ಕೂಟರ್ ಬೇಕೆಂದರೆ ಊರಿನ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡೇ ಹೊರಡಿ.

ಹೆಜ್ಜೆ 9: ಮರಳುವಾಗ ಒಂದು ರಾತ್ರಿ ಕೈಯಲ್ಲಿಟ್ಟುಕೊಳ್ಳಿ

ಬೇಸಿಗೆಯಲ್ಲಿ ಉತ್ತರದಿಂದ ಮೆಲ್ತೆಮಿ ಗಾಳಿ ಬೀಸುತ್ತದೆ. ಜೋರಾದರೆ ಬಂದರಿನ ಅಧಿಕಾರಿಗಳು ಹಡಗು ಬಿಡುವುದಿಲ್ಲ, ಮೊದಲು ನಿಲ್ಲುವುದು ಸಾಮಾನ್ಯವಾಗಿ ವೇಗದ ಹಡಗುಗಳೇ. ಹಾಗಾಗಿ ವಿಮಾನ ಏರುವ ದಿನವೇ ದ್ವೀಪ ಬಿಡುವ ಸಾಹಸ ಬೇಡ. ಹಿಂದಿನ ರಾತ್ರಿ ಅಥೆನ್ಸ್‌ನಲ್ಲಿ ಇರಿ. ಹಡಗು ರದ್ದಾದರೆ ಮುಂದಿನ ಹಡಗಿನಲ್ಲಿ ಜಾಗ ಅಥವಾ ದುಡ್ಡು ವಾಪಸ್, ಎರಡರಲ್ಲಿ ಒಂದನ್ನು ಕೇಳುವ ಹಕ್ಕು ನಿಮಗಿದೆ. ಆದರೆ ಹವಾಮಾನದಿಂದ ನಿಂತ ಹಡಗಿಗೆ ಹೋಟೆಲ್ ಖರ್ಚು ಕೊಡುವ ಜವಾಬ್ದಾರಿ ಕಂಪನಿಯದಲ್ಲ. ಆ ಒಂದು ರಾತ್ರಿಯ ಬಾಡಿಗೆಯನ್ನು ಇಬ್ಬರ ಪರ್ಸಿನಲ್ಲಿ ಮೊದಲೇ ತೆಗೆದಿಡಿ.