ಬರವಣಿಗೆಯ ಕೆಲಸ ಒಪ್ಪುವ ಮುನ್ನ ಹಾಕಬೇಕಾದ ಲೆಕ್ಕ
ಫ್ರೀಲಾನ್ಸ್ ಬರವಣಿಗೆಯ ಕೆಲಸವೊಂದು ಬಂದಾಗ, ಪದಕ್ಕೆ ಎಷ್ಟು ಕೊಡುತ್ತಾರೆ ಎಂಬುದಕ್ಕಿಂತ ಗಂಟೆಗೆ ಎಷ್ಟು ದಕ್ಕುತ್ತದೆ ಎಂಬುದನ್ನು ಮೊದಲು ನೋಡಬೇಕು. 1,000 ಪದಗಳ ಲೇಖನ ಬರೆಯಲು 3 ಗಂಟೆ ಸಾಕೆನಿಸಿದರೂ, ವಿಷಯ ಸಂಗ್ರಹಕ್ಕೆ 4, ಸಂದರ್ಶನ ಮತ್ತು ಪತ್ರವ್ಯವಹಾರಕ್ಕೆ 2, ತಿದ್ದುಪಡಿಗೆ 1 ಗಂಟೆ ಸೇರಿದರೆ ಒಟ್ಟು 10 ಗಂಟೆಯಾಗುತ್ತದೆ. ಸಂಭಾವನೆಯನ್ನು ಭಾಗಿಸಬೇಕಾದದ್ದು ಈ 10ರಿಂದಲೇ ಹೊರತು 3ರಿಂದಲ್ಲ. ಹಿಂದಿನ ಕೆಲಸಗಳಿಗೆ ತಗುಲಿದ ಸಮಯವನ್ನು ಬರೆದಿಟ್ಟುಕೊಂಡಿದ್ದರೆ ಅಂದಾಜು ತಪ್ಪುವುದು ಕಡಿಮೆ. ಎಷ್ಟು ಸುತ್ತು ತಿದ್ದುಪಡಿ, ಹಣ ಸಲ್ಲುವುದು ಲೇಖನ ಒಪ್ಪಿದಾಗಲೋ ಪ್ರಕಟವಾದಾಗಲೋ, ಹಕ್ಕುಸ್ವಾಮ್ಯ ಯಾರದು ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಿರಿ. ಹೆಸರು ಬರುತ್ತದೆ ಎಂಬ ಮಾತಿಗಷ್ಟೇ ಒಪ್ಪುವುದು, ನನ್ನ ದೃಷ್ಟಿಯಲ್ಲಿ, ಸ್ವಂತ ಶ್ರಮಕ್ಕೆ ಮಾಡಿಕೊಳ್ಳುವ ಅನ್ಯಾಯ. ಆದರೆ ಒಂದು ಲೇಖನಕ್ಕೆಂದು ಮಾಡಿದ ಅದೇ ವಿಷಯ ಸಂಗ್ರಹದಿಂದ ಇನ್ನೆರಡು ಲೇಖನಗಳು ಹುಟ್ಟುವಂತಿದ್ದರೆ ಕಡಿಮೆ ಸಂಭಾವನೆಯನ್ನೂ ಪರಿಗಣಿಸಬಹುದು.