ಬಟವಾಡೆಯ ಮೇಜಿನ ಪಕ್ಕ ಲಸಿಕೆಯ ಪೆಟ್ಟಿಗೆ: ನನ್ನ ಅನುಭವ

ಕೊಡಗಿನ ಕುಶಾಲನಗರದ ಕೂಡ್ಲೂರಿನ ಕಾಫಿ ಕ್ಯೂರಿಂಗ್ (ಬೀಜ ಸಂಸ್ಕರಿಸುವ) ಕಂಪನಿಯೊಂದರಲ್ಲಿ ಲೆಕ್ಕಪತ್ರದ ಜೊತೆಗೆ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಹಣದ ಹೊಣೆಯೂ ನನ್ನದೇ. 2022-23ರಲ್ಲಿ ನಮ್ಮ ನಿವ್ವಳ ಲಾಭ 5 ಕೋಟಿ ದಾಟಿದ್ದರಿಂದ ಮರುವರ್ಷವೇ, ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕೆನ್ನುವ ಕಂಪನಿ ಕಾಯ್ದೆಯ 135ನೇ ಕಲಮು ನಮಗೂ ಅನ್ವಯಿಸಿತು. ಮೂರು ವರ್ಷಗಳ ಸರಾಸರಿ ಲಾಭದ ಶೇ. 2 ಎಂದರೆ ಹೆಚ್ಚುಕಡಿಮೆ 9 ಲಕ್ಷ ರೂಪಾಯಿ. 50 ಲಕ್ಷದೊಳಗಿನ ಮೊತ್ತವಾದ್ದರಿಂದ ಪ್ರತ್ಯೇಕ ಸಮಿತಿ ಬೇಕಾಗಲಿಲ್ಲ. ಈ ಹಣವನ್ನು ಮಾಲ್ದಾರೆ, ಪಾಲಿಬೆಟ್ಟ, ತಿತಿಮತಿ ಕಡೆಯ ತೋಟಗಳಲ್ಲಿ ಕಾರ್ಮಿಕರು ವಾಸಿಸುವ ಲೈನ್ ಮನೆಗಳ ನಾಯಿಗಳಿಗೆ ಲಸಿಕೆ ಹಾಕಿಸಲು ಬಳಸೋಣವೆಂದು ನಾನು ಹೇಳಿದಾಗ, ಕಾಡುಪ್ರಾಣಿಗಳಿಗೆಂದು ತೆಗೆದಿಟ್ಟ ದುಡ್ಡನ್ನು ನಾಯಿಗಳಿಗೆ ಸುರಿಯುವುದೇ ಎಂದು ಕೇಳದವರಿಲ್ಲ. ಆಗ ಹಾಗೆ ಕೇಳಿದವರಲ್ಲಿ ಇಬ್ಬರು ಹಿರಿಯ ಮ್ಯಾನೇಜರುಗಳು ಈ ವರ್ಷ ನಮ್ಮ ಲಸಿಕೆ ಪಟ್ಟಿಯ ಪ್ರತಿಯನ್ನು ತರಿಸಿಕೊಂಡಿದ್ದಾರೆ.

ಕಾರಣವನ್ನು ವಿಸ್ತರಿಸಬೇಕಾಗಿಲ್ಲ. 2018ರಲ್ಲಿ ಗಿರ್ ಕಾಡಿನ ಸಿಂಹಗಳಲ್ಲಿ ನಾಯಿಗಳ ವೈರಸ್ ರೋಗವಾದ ಡಿಸ್ಟೆಂಪರ್ ಕಾಣಿಸಿಕೊಂಡದ್ದು ಎಲ್ಲರಿಗೂ ನೆನಪಿದೆ. ನಮ್ಮಲ್ಲಿ ಲೈನ್ ಮನೆಯ ನಾಯಿ ರಾತ್ರಿ ಕಾಡಂಚಿನಲ್ಲಿ ಕಡವೆಯ ಹಿಂದೆ ಓಡುತ್ತದೆ, ಅದೇ ನಾಯಿಯನ್ನು ಹಿಡಿಯಲು ಚಿರತೆ ಲೈನಿನ ಹಿತ್ತಲಿಗೆ ಬರುತ್ತದೆ. ರೋಗ ದಾಟುವುದಕ್ಕೆ ಇದಕ್ಕಿಂತ ಹತ್ತಿರದ ಹಾದಿ ಇನ್ನೊಂದಿಲ್ಲ.

ಮೊದಲ ವರ್ಷದ ಹಣ ಬಹುಪಾಲು ವ್ಯರ್ಥವಾಯಿತು. ಒಂದು ಟ್ರಸ್ಟಿಗೆ ಸುಮಾರು 4 ಲಕ್ಷ ಕೊಟ್ಟೆವು. ಅದರಲ್ಲಿ ನಾಮಫಲಕ, ಟೀ ಶರ್ಟು, ಉದ್ಘಾಟನೆಯ ಶಾಮಿಯಾನ ಬಂದವೇ ಹೊರತು ಲಸಿಕೆ ಕಂಡ ನಾಯಿ ನೂರನ್ನೂ ಮುಟ್ಟಲಿಲ್ಲ. ನಮ್ಮ ಕಂಪನಿಯದೇ ತೋಟದ ಲೈನಿನಲ್ಲಿ ನಾವೇ ನಡೆಸಿದ ಶಿಬಿರಕ್ಕೆ ಅರವತ್ತು ಸಾವಿರದಷ್ಟು ಖರ್ಚಾಯಿತು, ಆದರೆ ಅದು ನೌಕರರಿಗೆ ಪ್ರಯೋಜನವಾಗುವ ಕೆಲಸವೆಂದು ಆಡಿಟರ್ ಆ ಮೊತ್ತವನ್ನು ಸಿಎಸ್‌ಆರ್ ಲೆಕ್ಕಕ್ಕೆ ಹಿಡಿಯಲಿಲ್ಲ. ಪಕ್ಕದ ಸಣ್ಣ ಬೆಳೆಗಾರರ ತೋಟಗಳಿಂದ ಆರಂಭಿಸಬೇಕಿತ್ತು ಎಂಬುದು ಆಮೇಲೆ ತಿಳಿಯಿತು.

ಎರಡನೆಯ ವರ್ಷ ಶಾಲಾ ಮೈದಾನದಲ್ಲಿ ಭಾನುವಾರದ ಶಿಬಿರ ಏರ್ಪಡಿಸಿ 300 ಡೋಸ್ ತರಿಸಿದೆವು. ಬಂದ ನಾಯಿಗಳು ನಲವತ್ತೋ ನಲವತ್ತೆರಡೋ ಇರಬೇಕು. ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರು ಆ ಸಂಜೆ, "ಸಾರ್, ಭಾನುವಾರ ಸಂತೆ ಬಿಟ್ಟು ನಾಯಿ ಹಿಡಿದುಕೊಂಡು ಯಾರು ಬರುತ್ತಾರೆ? ಶನಿವಾರ ಕೂಲಿ ಬಟವಾಡೆಗೆ ಬನ್ನಿ, ಲೈನಿಗೆ ಲೈನೇ ಇರುತ್ತದೆ" ಎಂದರು. ಉಳಿದ ಡೋಸುಗಳನ್ನು ಫ್ರಿಜ್ಜಿನಲ್ಲಿಟ್ಟು ಕಾದೆವು. ಜುಲೈಯಲ್ಲಿ ಮೂರು ದಿನ ಕರೆಂಟ್ ಹೋಯಿತು. 2ರಿಂದ 8 ಡಿಗ್ರಿಯೊಳಗೆ ಇರಬೇಕಾದ ಲಸಿಕೆಯನ್ನು ಅನುಮಾನದ ಮೇಲೆ ಬಳಸಲಾಗದೆ ಎಲ್ಲವನ್ನೂ ಬಿಸಾಡಿದೆವು. ಸುಮಾರು ಎಪ್ಪತ್ತು ಸಾವಿರದ ನಷ್ಟ.

ಕೆಲಸ ಹಿಡಿತಕ್ಕೆ ಬಂದದ್ದು ಆ ರೈಟರ್ ಹೇಳಿದಂತೆ ಕಂಪನಿಯ ಕ್ಯಾಲೆಂಡರನ್ನು ಬಿಟ್ಟು ತೋಟದ ಕ್ಯಾಲೆಂಡರನ್ನು ಹಿಡಿದಾಗ. ಕಂಪನಿಗೆ ಮಾರ್ಚ್ 31ರೊಳಗೆ ಖರ್ಚು ತೋರಿಸುವ ಆತುರವಿದ್ದರೆ, ತೋಟದಲ್ಲಿ ಮಾರ್ಚಿನವರೆಗೂ ರೊಬಸ್ಟಾ ಕೊಯ್ಲು ಮುಗಿದಿರುವುದಿಲ್ಲ. ಆದ್ದರಿಂದ ಇದನ್ನು ಮುಂದುವರಿಯುವ ಯೋಜನೆಯೆಂದು ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಮೊದಲೇ ನಿರ್ಣಯ ಮಾಡಿಸಿ, ಉಳಿದ ಹಣವನ್ನು ವರ್ಷಾಂತ್ಯದ 30 ದಿನಗಳೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿಸಿದೆವು. ಅದನ್ನು ಬಳಸಲು ಮೂರು ವರ್ಷಗಳ ಅವಕಾಶವಿದೆ. ಹಾಗೆ ನಿರ್ಣಯ ಮಾಡದಿದ್ದರೆ ಉಳಿದ ಹಣವನ್ನು ಆರು ತಿಂಗಳೊಳಗೆ ಸರ್ಕಾರ ಸೂಚಿಸಿದ ನಿಧಿಗೆ ಕಟ್ಟಬೇಕಾಗುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಒಂದು ನಿರ್ಣಯ.

ಏಪ್ರಿಲಿನ ಶನಿವಾರಗಳಲ್ಲಿ ರೈಟರ್ ಕೂಲಿ ಎಣಿಸುವ ಮೇಜಿನ ಪಕ್ಕದಲ್ಲೇ ಐಸ್ ತುಂಬಿದ ಪೆಟ್ಟಿಗೆ ಇಟ್ಟುಕೊಂಡು ಪಶುವೈದ್ಯರು ಕುಳಿತುಕೊಳ್ಳುತ್ತಾರೆ. ರೇಬೀಸ್ ಲಸಿಕೆಯೂ ಡಿಸ್ಟೆಂಪರ್ ಸೇರಿದ ಸಂಯುಕ್ತ ಲಸಿಕೆಯೂ ಒಂದೇ ಸಲಕ್ಕೆ ಆಗುತ್ತವೆ, ಸಂಯುಕ್ತ ಲಸಿಕೆಯ ಎರಡನೇ ಡೋಸಿಗೆ ನಾಲ್ಕು ಬಟವಾಡೆ ಕಳೆಯಲಿ ಎಂದರೆ ಸಾಕು, ತಾರೀಕು ಹೇಳುವ ಅಗತ್ಯವೇ ಇಲ್ಲ. ಮಾಲ್ದಾರೆಯ ಒಂದು ಲೈನಿನಲ್ಲಿ ಒಬ್ಬ ಅಜ್ಜಿ ತನ್ನ ಕಂದು ನಾಯಿಯ ತಲೆಯನ್ನು ಸೆರಗಿನಲ್ಲಿ ಸುತ್ತಿ ಮೊಣಕಾಲ ಸಂದಿಯಲ್ಲಿ ಹಿಡಿದು ಕುಳಿತರು. ಸೂಜಿ ಹೊರಬರುವವರೆಗೂ ನಾಯಿ ಅಲುಗಲಿಲ್ಲ. ಬಾಯಿಪಟ್ಟಿ ಬಿಟ್ಟು ಆ ಸೆರಗಿನ ವಿಧಾನವನ್ನೇ ನಾವು ಉಳಿದ ಕಡೆ ತೋರಿಸುತ್ತಿದ್ದೇವೆ. ಕೊಯ್ಲು ಮುಗಿಸಿ ಅಸ್ಸಾಂ ಕಡೆಗೆ ಹೊರಟುಹೋದವರು ಬಿಟ್ಟುಹೋದ ನಾಯಿಗಳು ಮಾತ್ರ ಯಾರ ಕೈಗೂ ಸಿಗುವುದಿಲ್ಲ. ಅವುಗಳನ್ನು ಹತ್ತಿರ ಕರೆಯಲು ಅನ್ನಕ್ಕೆ ಏನು ಬೆರೆಸುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಎದುರು ಸಿಕ್ಕವರಿಗೆ ಹೇಳಿಕೊಡುತ್ತೇನೆ.

ಕಳೆದ ಸುತ್ತಿನಲ್ಲಿ ಸುಮಾರು 640 ನಾಯಿಗಳಾದವು, ಎರಡನೇ ಡೋಸಿಗೆ 500ರ ಮೇಲೆ ಬಂದವು. ಔಷಧಿ, ಸಿರಿಂಜ್, ಜೀಪು, ವೈದ್ಯರ ಸಂಭಾವನೆ ಎಲ್ಲ ಸೇರಿ ನಾಯಿಯೊಂದಕ್ಕೆ 650 ರೂಪಾಯಿ ಬಿದ್ದಿರಬೇಕು. ರೇಬೀಸ್ ತಡೆಗೆ ಶೇ. 70ರಷ್ಟು ನಾಯಿಗಳಿಗೆ ಲಸಿಕೆಯಾಗಬೇಕು ಎನ್ನುತ್ತಾರೆ. ನಮ್ಮ ಹನ್ನೊಂದು ತೋಟಗಳಲ್ಲಿ ಒಂಬತ್ತು ಆ ಮಟ್ಟ ದಾಟಿವೆ. ಸಂತಾನಹರಣಕ್ಕೆ ನಾವು ಕೈಹಾಕಿಲ್ಲ. 2023ರ ನಿಯಮಗಳ ಪ್ರಕಾರ ಅದಕ್ಕೆ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಬೇಕು, ಸುಸಜ್ಜಿತ ಕೇಂದ್ರವೂ ಬೇಕು.

ನಡುವೆ ಎರಡು ಪ್ರಯೋಗಗಳನ್ನೂ ಮಾಡಿದೆವು. 2021ರಲ್ಲಿ ಖಾದಿ ಆಯೋಗದವರು ಕೊಡಗಿನ ಚೇಲೂರಿನಲ್ಲಿ ಆನೆ ತಡೆಗೆ ಜೇನುಪೆಟ್ಟಿಗೆ ಇಟ್ಟದ್ದನ್ನು ಕೇಳಿ, ಆನೆ ದಾಟುವ ಒಂದು ಕಡಂಗದ (ಕಂದಕದ) ಬದಿಯಲ್ಲಿ ಹನ್ನೆರಡು ತುಡುವೆ ಜೇನಿನ ಪೆಟ್ಟಿಗೆಗಳನ್ನು ಇಟ್ಟೆವು. ಮಳೆಗಾಲ ಮುಗಿಯುವಷ್ಟರಲ್ಲಿ ಎಂಟರಿಂದ ಹುಳುಗಳು ಹಾರಿಹೋಗಿದ್ದವು, ಸಕ್ಕರೆ ಪಾನಕ ಕೊಟ್ಟರೂ ನಿಲ್ಲಲಿಲ್ಲ. ಆನೆಗಳು ಖಾಲಿ ಪೆಟ್ಟಿಗೆಯ ಪಕ್ಕದಲ್ಲೇ ದಾಟಿ ಹಲಸಿನ ಮರಕ್ಕೆ ಹೋದವು. ಹುಳುವಿದ್ದ ನಾಲ್ಕರ ಬಳಿ ಹೆಜ್ಜೆ ಕಾಣದಿದ್ದರೂ ನಾಲ್ಕು ಪೆಟ್ಟಿಗೆ ನೋಡಿ ತೀರ್ಪು ಕೊಡಲು ನಾನು ಸಿದ್ಧನಿಲ್ಲ.

ಹಂದಿಗೆಂದು ಕಟ್ಟುವ ಉರುಳಿಗೆ ಚಿರತೆ ಸಿಕ್ಕಿಬೀಳುವುದನ್ನು ತಪ್ಪಿಸಲು, ತಂದುಕೊಟ್ಟ ಪ್ರತಿ ಉರುಳಿಗೆ 50 ರೂಪಾಯಿ ಎಂದು ಸಾರಿದ್ದು ನನ್ನದೇ ತಪ್ಪು. ಮೂರನೇ ವಾರ ಬಂದ ಕಟ್ಟಿನಲ್ಲಿದ್ದ ಉರುಳಿನ ಕ್ಲಚ್ ವೈರುಗಳಿಗೆ ಒಂದಿಷ್ಟೂ ತುಕ್ಕಿರಲಿಲ್ಲ, ಮುಟ್ಟಿದ ಬೆರಳಿಗೆ ಹೊಸ ಗ್ರೀಸ್ ಹತ್ತಿತು. ಉರುಳಿನ ದರವನ್ನು ಅಂದೇ ನಿಲ್ಲಿಸಿ, ಈಗ ತಿಂಗಳಿಗೆರಡು ದಿನ ಇಬ್ಬರಿಗೆ ದಿನಗೂಲಿ ಕೊಟ್ಟು ಬೇಲಿಯುದ್ದಕ್ಕೂ ನಡೆಸುತ್ತೇವೆ. ಏನೂ ಸಿಗದ ದಿನವೂ ಕೂಲಿ ಅಷ್ಟೇ. ಕಳೆದ ತಿಂಗಳು ಅವರು ತಂದದ್ದು ಎರಡು ಉರುಳು, ಎರಡಕ್ಕೂ ತುಕ್ಕು ಹಿಡಿದಿತ್ತು.